ವರ್ಲಿಯ ಆ ರಾತ್ರಿ, ಒಂದು ಅಂಕ

ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಇಳಿದು ಹಾಜಿ ಅಲಿ ಕಡೆಗೆ ನಡೆದವರಿಗೆಲ್ಲ ಆ ದುಂಡನೆಯ ಛಾವಣಿಯ ಕಟ್ಟಡ ಗೊತ್ತು. ಹಳಬರಿಗೆ ಅದು ವಲ್ಲಭಭಾಯಿ ಪಟೇಲ್ ಸ್ಟೇಡಿಯಂ, ದಾರಾಸಿಂಗ್‌ನ ಕುಸ್ತಿಯ ನೆನಪು. ಈಗಿನವರಿಗೆ ಎನ್‌ಎಸ್‌ಸಿಐ ಡೋಮ್, ಹಾಡು-ಕುಣಿತದ ಕಾರ್ಯಕ್ರಮಗಳ ಜಾಗ. ಕೊರೊನಾ ಕಾಲದಲ್ಲಿ ಅದೇ ಕಟ್ಟಡದಲ್ಲಿ ಸಾಲಾಗಿ ಮಂಚ ಹಾಕಿ ರೋಗಿಗಳನ್ನು ಇರಿಸಿದ್ದನ್ನೂ ನಾವು ನೋಡಿದ್ದೇವೆ.

2017ರ ಆಗಸ್ಟ್ 5, ಶನಿವಾರ ರಾತ್ರಿ ಆ ಡೋಮ್ ಬೇರೊಂದು ಕಾರಣಕ್ಕೆ ತುಂಬಿತ್ತು. ‘ಬ್ಯಾಟಲ್‌ಗ್ರೌಂಡ್ ಏಷ್ಯಾ’ ಎಂಬ ಹೆಸರಿನಲ್ಲಿ ವೃತ್ತಿಪರ ಬಾಕ್ಸಿಂಗ್ ನಡೆದಿತ್ತು. ಮುಂದಿನ ಸಾಲಿನಲ್ಲಿ ಸಿನಿಮಾ ತಾರೆಯರು, ಹಿಂದೆ ಸಾವಿರಾರು ಜನ. ಎಲ್ಲರ ಬಾಯಲ್ಲೂ ಒಂದೇ ಹೆಸರು, ವಿಜೇಂದರ್ ಸಿಂಗ್. ರಿಂಗಿನ ಇನ್ನೊಂದು ಮೂಲೆಯಲ್ಲಿ ನಿಂತಿದ್ದ 23 ವರ್ಷದ ಹುಡುಗನ ಹೆಸರನ್ನು ಸರಿಯಾಗಿ ಉಚ್ಚರಿಸಲು ಬಂದವರೂ ಅಲ್ಲಿ ಹೆಚ್ಚಿರಲಿಲ್ಲ. ಅವನ ಹೆಸರು ಜುಲ್ಪಿಕರ್ ಮೈಮೈತಿಯಾಲಿ. ಚೀನಾದಿಂದ ಬಂದವ. ನಾನು ಹೇಳಹೊರಟಿರುವುದು ಅವನ ಕಥೆ.

ಗಡಿಯ ಬಿಸಿ, ಮಾರುಕಟ್ಟೆಯ ಮಾತು

ಇಬ್ಬರೂ ಬೆಲ್ಟ್ ಇದ್ದವರೇ. ವಿಶ್ವ ಬಾಕ್ಸಿಂಗ್ ಸಂಸ್ಥೆ, ಅಂದರೆ ಡಬ್ಲ್ಯುಬಿಒದ ಏಷ್ಯಾ ಪೆಸಿಫಿಕ್ ಸೂಪರ್ ಮಿಡಲ್‌ವೇಟ್ ಪಟ್ಟ ವಿಜೇಂದರ್‌ನದು. ಅದೇ ತೂಕದ ಓರಿಯೆಂಟಲ್ ಪಟ್ಟ ಜುಲ್ಪಿಕರ್‌ನದು. ಗೆದ್ದವನಿಗೆ ಎರಡೂ.

ಕಾಗದದ ಮೇಲೆ ಸಮಬಲದಂತೆ ಕಂಡರೂ ತಕ್ಕಡಿ ಒಂದೇ ಕಡೆ ತೂಗುತ್ತಿತ್ತು. ವಿಜೇಂದರ್‌ಗೆ ಆಗ 31 ವರ್ಷ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು, ಬಾಕ್ಸಿಂಗ್‌ನಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ ಪದಕ ತಂದವನು. ಮರುವರ್ಷ ಮಿಲಾನ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಕಂಚು. 2015ರಲ್ಲಿ ವೃತ್ತಿಪರನಾಗಿ ಮ್ಯಾಂಚೆಸ್ಟರ್‌ಗೆ ಹೋದ ಮೇಲೆ ಆಡಿದ ಎಂಟು ಪಂದ್ಯಗಳನ್ನೂ ಗೆದ್ದಿದ್ದ. ಎದುರಿನವನಿಗೆ ಇಲ್ಲಿ ತನ್ನವರೆಂದು ಇದ್ದದ್ದು ಮೂಲೆಯಲ್ಲಿ ನಿಂತ ನಾಲ್ಕು ಜನ ಮಾತ್ರ.

ಸಮಯವೂ ಅವನಿಗೆ ಒಳ್ಳೆಯದಾಗಿರಲಿಲ್ಲ. ಆ ಜೂನ್‌ನಿಂದ ಡೋಕ್ಲಾಂನಲ್ಲಿ ಎರಡೂ ದೇಶಗಳ ಸೈನಿಕರು ಎದುರುಬದುರು ನಿಂತಿದ್ದರು. ಟಿವಿ ಹಾಕಿದರೆ ಅದೇ ಸುದ್ದಿ. ಪಂದ್ಯಕ್ಕೆ ಮೊದಲು ವಿಜೇಂದರ್ ಕೂಡ ಚೀನಾ ಮಾಲು ಹೆಚ್ಚು ಹೊತ್ತು ಬಾಳಿಕೆ ಬರುವುದಿಲ್ಲ ಎಂದು ಚಟಾಕಿ ಹಾರಿಸಿದ್ದ. ಮನೀಷ್ ಮಾರ್ಕೆಟ್‌ನಲ್ಲಿ ಚೌಕಾಶಿ ಮಾಡಿ ಚಾರ್ಜರ್ ಕೊಂಡು, ವಾರದಲ್ಲಿ ಅದನ್ನು ಎಸೆದ ಅನುಭವ ಇರುವ ಮುಂಬಯಿಗರಿಗೆ ಆ ಮಾತು ಬಹಳ ಹಿಡಿಸಿತು. ನಾಲ್ಕೈದು ಸುತ್ತಿನಲ್ಲಿ ಆಟ ಮುಗಿದೀತು ಎಂದೇ ಹಲವರ ಲೆಕ್ಕ.

ಮುಗಿಯಲಿಲ್ಲ. ಹುಡುಗ ಎಡಗೈ ಬಾಕ್ಸರ್. ಎದುರಾಳಿಗೆ ಅಭ್ಯಾಸವಾದ ಎಲ್ಲವೂ ಇಂಥವರ ಮುಂದೆ ಕನ್ನಡಿಯಲ್ಲಿ ಕಂಡಂತೆ ತಿರುಗಿಬಿಡುತ್ತದೆ. ಹೊಡೆತ ಬರಬಾರದ ಕಡೆಯಿಂದ ಬರುತ್ತದೆ, ಕಾಲಿಗೆ ಕಾಲು ತಾಕುತ್ತದೆ. ಜೊತೆಗೆ ಪ್ರಾಯದ ಬಿಸಿರಕ್ತ. ಅವನು ಹಿಂದೆ ಸರಿಯದೆ ಮೇಲೆ ಮೇಲೆ ಬಂದ. ಐದನೇ ಸುತ್ತು ಕಳೆಯಿತು, ಎಂಟನೆಯದೂ ಕಳೆಯಿತು. ಮೂರು ನಿಮಿಷದ ಹತ್ತು ಸುತ್ತುಗಳೂ ಮುಗಿದು ಗಂಟೆ ಬಾರಿಸಿದಾಗ ಇಬ್ಬರೂ ಕಾಲಮೇಲೆ ನಿಂತೇ ಇದ್ದರು. ಇಷ್ಟು ಹೊತ್ತು ಎಳೆಯುತ್ತದೆ ಎಂದುಕೊಂಡಿರಲಿಲ್ಲ ಎಂದು ಆಮೇಲೆ ವಿಜೇಂದರ್‌ನೇ ಒಪ್ಪಿಕೊಂಡ.

ತೀರ್ಪಿನ ಲೆಕ್ಕ

ಇಂಥ ಪಂದ್ಯ ನಾಕೌಟ್ ಇಲ್ಲದೆ ಮುಗಿದರೆ ರಿಂಗಿನ ಸುತ್ತ ಕುಳಿತ ಮೂವರು ತೀರ್ಪುಗಾರರು ತೀರ್ಮಾನ ಹೇಳಬೇಕು. ಲೆಕ್ಕ ಸರಳ. ಸುತ್ತು ಗೆದ್ದವನಿಗೆ 10 ಅಂಕ, ಸೋತವನಿಗೆ ಸಾಮಾನ್ಯವಾಗಿ 9. ಕೆಳಗೆ ಬಿದ್ದರೆ ಇನ್ನೊಂದು ಹೋಗುತ್ತದೆ. ತಪ್ಪು ಮಾಡಿದರೆ ರೆಫರಿ ಅಂಕ ಕಡಿಯಬಹುದು. ಮೂವರೂ ಬೇರೆ ಬೇರೆಯಾಗಿ ಬರೆದಿಡುತ್ತಾರೆ.

ಆ ರಾತ್ರಿ ಓದಿದ ಅಂಕಗಳು ಹೀಗಿದ್ದವು: 96-93, 95-94, 95-94. ಮೂವರೂ ವಿಜೇಂದರ್ ಪರ. ಡೋಮ್ ಎದ್ದು ನಿಂತಿತು. ಮರುದಿನದ ಪತ್ರಿಕೆಗಳಲ್ಲಿ ‘ಸರ್ವಾನುಮತದ ಗೆಲುವು’ ಎಂದು ಬಂತು. ಸರ್ವಾನುಮತ ಎಂದರೆ ಏಕಪಕ್ಷೀಯವಾಗಿ ಗೆದ್ದಂತೆ ಕೇಳಿಸುತ್ತದೆ. ಆದರೆ ನಮ್ಮಲ್ಲಿ ಬ್ಯಾಂಕಿನಲ್ಲಿ, ಹೊಟೇಲಿನ ಗಲ್ಲಾದಲ್ಲಿ ಕುಳಿತು ಲೆಕ್ಕ ಹಾಕಿದವರು ಬಹಳ. ಅವರು ಒಮ್ಮೆ ಕೂಡಿಸಿ ನೋಡಲಿ.

ಒಂದು ಸುತ್ತಿಗೆ ಹತ್ತು ಮತ್ತು ಒಂಬತ್ತು ಸೇರಿ 19. ಹತ್ತು ಸುತ್ತಿಗೆ 190. ಇಲ್ಲಿ ಮೂರು ಚೀಟಿಗಳಲ್ಲೂ ಮೊತ್ತ 189. ಒಂದು ಅಂಕ ಎಲ್ಲಿ ಹೋಯಿತು? ಜುಲ್ಪಿಕರ್‌ನ ಹೊಡೆತಗಳು ಮತ್ತೆ ಮತ್ತೆ ಸೊಂಟದ ಪಟ್ಟಿಯ ಕೆಳಗೆ ಬಿದ್ದಿದ್ದವು. ಬಾಕ್ಸಿಂಗ್‌ನಲ್ಲಿ ಅದು ತಪ್ಪು. ಅದಕ್ಕೆ ದಂಡವಾಗಿ ಅವನ ಒಂದು ಅಂಕ ಹೋಗಿತ್ತು.

ಆ ಒಂದು ಅಂಕವನ್ನು ಅವನಿಗೆ ಮರಳಿ ಕೊಟ್ಟು ನೋಡಿ: 96-94, 95-95, 95-95. ಇಬ್ಬರು ತೀರ್ಪುಗಾರರ ಚೀಟಿಯಲ್ಲಿ ಸಮ. ಬಾಕ್ಸಿಂಗ್ ನಿಯಮದ ಪ್ರಕಾರ ಮೂವರಲ್ಲಿ ಇಬ್ಬರು ಸಮ ಎಂದರೆ ಪಂದ್ಯವೇ ಡ್ರಾ. ಡ್ರಾ ಆದರೆ ಚಾಂಪಿಯನ್‌ನ ಪಟ್ಟ ಚಾಂಪಿಯನ್‌ಗೇ. ಅಂದರೆ ಆ ಹುಡುಗ, ಪರದೇಶದಲ್ಲಿ, ಇಡೀ ಸಭಾಂಗಣ ತನ್ನ ವಿರುದ್ಧ ಕೂಗುತ್ತಿರುವಾಗ, ಒಲಿಂಪಿಕ್ ಪದಕದವನೆದುರು ಸೆಣಸಿ, ತನ್ನ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ಊರಿಗೆ ವಾಪಸು ಹೋಗುತ್ತಿದ್ದ. ಅವನ ಸೋಲಿಗೂ ಅದಕ್ಕೂ ನಡುವೆ ಇದ್ದದ್ದು ಅಷ್ಟೇ ಅಂತರ.

ಇದರಿಂದ ವಿಜೇಂದರ್‌ನ ಗೆಲುವು ಸಣ್ಣದಾಗುವುದಿಲ್ಲ. ಕೆಳಹೊಡೆತ ತಿಂದು, ನೋವು ನುಂಗಿ, ಹತ್ತು ಸುತ್ತು ನಿಂತವನು ಅವನು. ಯಾವ ತೀರ್ಪುಗಾರನೂ ಅವನು ಸೋತ ಎನ್ನಲಿಲ್ಲ. ಪ್ರಶ್ನೆ ಮೋಸದ್ದಲ್ಲ. ಗೆಲ್ಲುತ್ತಾನೆಂದು ಯಾರೂ ನಂಬದವನಿಗೆ ಆಟ ಎಷ್ಟು ಇಕ್ಕಟ್ಟಿನದು ಎಂಬುದು.

ಸಂಶಯದ ಲಾಭ ಯಾರಿಗೆ?

ಬಾಕ್ಸಿಂಗ್ ಜಗತ್ತು ಎಂದೂ ಮರೆಯದ ಅಚ್ಚರಿ 1990ರ ಫೆಬ್ರವರಿ 11ರಂದು ಟೋಕಿಯೊದಲ್ಲಿ ನಡೆಯಿತು. ಸೋಲೇ ಕಾಣದ ಮೈಕ್ ಟೈಸನ್‌ನನ್ನು ಬಸ್ಟರ್ ಡಗ್ಲಸ್ ಹತ್ತನೇ ಸುತ್ತಿನಲ್ಲಿ ಕೆಡವಿದ. ಬಾಜಿ ಕಟ್ಟುವವರು ಡಗ್ಲಸ್‌ಗೆ ಕೊಟ್ಟಿದ್ದ ದರ ಒಂದಕ್ಕೆ 42. ಪಂದ್ಯಕ್ಕೆ ಮೂರೇ ವಾರ ಮೊದಲು ಅವನ ತಾಯಿ ತೀರಿಕೊಂಡಿದ್ದರು.

ಎಲ್ಲರಿಗೂ ನೆನಪಿರುವುದು ಟೈಸನ್ ನೆಲದ ಮೇಲೆ ತನ್ನ ಹಲ್ಲುಗವಸು ತಡಕಾಡಿದ ಚಿತ್ರ. ನೆನಪಿಡಬೇಕಾದದ್ದು ಇನ್ನೊಂದಿದೆ. ಅಲ್ಲಿಯ ತನಕದ ಒಂಬತ್ತು ಸುತ್ತುಗಳಲ್ಲಿ ಹೆಚ್ಚಿನವು ಡಗ್ಲಸ್‌ನವೇ ಎಂದು ನೋಡಿದವರು ಹೇಳುತ್ತಾರೆ. ಆದರೆ ತೀರ್ಪುಗಾರರ ಚೀಟಿ? ಒಬ್ಬ ಡಗ್ಲಸ್‌ಗೆ 88-82 ಕೊಟ್ಟಿದ್ದ. ಇನ್ನೊಬ್ಬ 86-86, ಸಮ. ಮೂರನೆಯವನ ಪ್ರಕಾರ 87-86ರಿಂದ ಟೈಸನ್‌ನೇ ಮುಂದಿದ್ದ! ಡಗ್ಲಸ್ ಆ ಹತ್ತನೇ ಸುತ್ತಿನಲ್ಲಿ ಪಂದ್ಯ ಮುಗಿಸದೆ ಹೋಗಿದ್ದರೆ ಕೊನೆಗೆ ಏನಾಗುತ್ತಿತ್ತೋ ಹೇಳಲಾಗದು.

ಕಾರಣ ಲಂಚವೇ ಆಗಿರಬೇಕಾಗಿಲ್ಲ. ಹೆಸರಿದ್ದವನು ಕೈ ಎತ್ತಿದರೆ ಅದು ಹೊಡೆತದಂತೆ ಕಾಣುತ್ತದೆ. ಸಾವಿರಾರು ಜನ ಒಟ್ಟಿಗೆ ‘ಓ’ ಎಂದಾಗ ತಾಗದ ಪಂಚ್ ಕೂಡ ತಾಗಿದಂತೆ ಕೇಳಿಸುತ್ತದೆ. ತೀರ್ಪುಗಾರರೂ ಮನುಷ್ಯರೇ. ಸಂಶಯದ ಲಾಭ ಮನೆಯವನಿಗೆ ಹೋಗುತ್ತದೆ, ಹೊರಗಿನವನಿಗೆ ಬರುವುದು ಅಪರೂಪ.

ಅಪರೂಪ ಎಂದೆ, ಇಲ್ಲವೇ ಇಲ್ಲ ಎನ್ನಲಿಲ್ಲ. ಅದರ ಸಾಕ್ಷಿಯೂ ಆ ರಾತ್ರಿ ಅದೇ ಡೋಮ್‌ನಲ್ಲಿತ್ತು. ವಿಜೇಂದರ್‌ಗೆ ಮೊದಲು ಅವನ ಭಿವಾನಿಯ ಒಡನಾಡಿಗಳಾದ ಅಖಿಲ್ ಕುಮಾರ್ ಮತ್ತು ಜಿತೇಂದರ್ ಕುಮಾರ್ ತಮ್ಮ ಮೊದಲ ವೃತ್ತಿಪರ ಪಂದ್ಯ ಆಡಿ ಗೆದ್ದರು. ಅಖಿಲ್‌ಗೆ ಆಗ 36 ವರ್ಷ. ಬೀಜಿಂಗ್‌ನಲ್ಲಿ ಅವನು ರಷ್ಯಾದ ವಿಶ್ವ ಚಾಂಪಿಯನ್ ಸೆರ್ಗೆ ವೊದೊಪ್ಯಾನೊವ್‌ನನ್ನು ಎದುರಿಸಿದಾಗ ಅಂಕ 9-9, ಸಮ. ತೀರ್ಪುಗಾರರು ಒತ್ತಿದ ಒಟ್ಟು ಗುಂಡಿಗಳನ್ನು ಮತ್ತೊಮ್ಮೆ ಎಣಿಸಿದಾಗ ಕೈ ಎತ್ತಿದ್ದು ಅಖಿಲ್‌ನದು. ಅಂದು ಹೆಸರಿಲ್ಲದವನು ಅವನಾಗಿದ್ದ. ಹರಿಯಾಣ ರೋಡ್‌ವೇಸ್ ಬಸ್ ಡ್ರೈವರನ ಮಗ ವಿಜೇಂದರ್ ಕೂಡ ಆ ಬೀಜಿಂಗ್‌ನಲ್ಲಿ ಪರದೇಶದಿಂದ ಬಂದ ಹುಡುಗನೇ. ಒಂಬತ್ತು ವರ್ಷದಲ್ಲಿ ಚಕ್ರ ತಿರುಗಿತ್ತು. ಈಗ ಚೀನಾದ ಹುಡುಗ ಮುಂಬಯಿಯಲ್ಲಿ ನಿಂತಿದ್ದ.

ಬಹುಶಃ ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ವಿಜೇಂದರ್. ಗೆದ್ದ ಮೇಲೆ ಮೈಕ್ ಹಿಡಿದು ಅವನು ಹೇಳಿದ ಮಾತು ಜನರಿಗೆ ಅಚ್ಚರಿ ತಂದಿತು. ಈ ಬೆಲ್ಟ್ ನನಗೆ ಬೇಡ, ಜುಲ್ಪಿಕರ್‌ಗೆ ವಾಪಸು ಕೊಡುತ್ತೇನೆ, ಗಡಿಯಲ್ಲಿ ಬಿಗುವು ಬೇಡ, ಶಾಂತಿ ಬೇಕು ಎಂಬುದು ಅದರ ಸಾರ. ಪಂದ್ಯಕ್ಕೆ ಮೊದಲು ಚೀನಾ ಮಾಲು ಎಂದು ನಗಾಡಿದವನೇ ಹತ್ತು ಸುತ್ತು ಮುಗಿದ ಮೇಲೆ ಹೀಗೆ ಹೇಳಿದ. ಹೊಡೆತ ತಿಂದವನಿಗೆ ಎದುರಿನವನ ಬೆಲೆ ಗೊತ್ತಾಗಿತ್ತು.

ಕರ್ನಾಟಕದ ಅಂಗಿ ತೊಟ್ಟ ಹುಡುಗ

ಈ ಲೆಕ್ಕ ಕನ್ನಡಿಗರನ್ನೂ ಬಿಟ್ಟಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ, ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ನಿಶಾಂತ್ ದೇವ್ ಅಲ್ಲಿ ಪಳಗಿದವನು. ಹುಟ್ಟಿದ್ದು ಹರಿಯಾಣದ ಕರ್ನಾಲ್‌ನಲ್ಲಿ, ಆಡಿದ್ದು ಕರ್ನಾಟಕದ ಪರ. 2021ರಲ್ಲಿ ಬಳ್ಳಾರಿಯಲ್ಲೇ ನಡೆದ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನ ಗೆದ್ದ. ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಹೊರಗುಳಿದ. 2023ರಲ್ಲಿ ತಾಷ್ಕೆಂಟ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ತಂದ.

2024ರ ಪ್ಯಾರಿಸ್ ಒಲಿಂಪಿಕ್ಸ್. ಕ್ವಾರ್ಟರ್ ಫೈನಲ್ ಗೆದ್ದರೆ ಪದಕ ಖಚಿತ. ಎದುರಿಗೆ ಮೆಕ್ಸಿಕೋದ ಮಾರ್ಕೋ ವೆರ್ಡೆ. 2021ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಿಶಾಂತ್ ಅವನನ್ನು ಸೋಲಿಸಿದ್ದ. ಮೊದಲ ಸುತ್ತೂ ನಿಶಾಂತ್‌ನದೇ. ನಮ್ಮಲ್ಲಿ ಮಧ್ಯರಾತ್ರಿ ಕಳೆದಿತ್ತು; ಎದ್ದು ಕುಳಿತು ನೋಡಿದವರಿಗೆ ಗೆದ್ದಂತೆಯೇ ಅನ್ನಿಸಿತು. ತೀರ್ಪು ಬಂದದ್ದು 1-4, ವೆರ್ಡೆ ಪರ. ಅವನು ಮುಂದೆ ಬೆಳ್ಳಿ ಗೆದ್ದ. ಅಂದು ಅಂಕ ಕೊಡುವ ರೀತಿಯೇ ಅರ್ಥವಾಗುವುದಿಲ್ಲ ಎಂದು ಬಹಿರಂಗವಾಗಿ ಬೇಸರ ತೋಡಿಕೊಂಡವರಲ್ಲಿ ಒಬ್ಬ ಯಾರು ಗೊತ್ತೇ? ವಿಜೇಂದರ್ ಸಿಂಗ್.

ನಿಶಾಂತ್ ಅಳುತ್ತ ಕೂರಲಿಲ್ಲ. 2025ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ವೃತ್ತಿಪರನಾಗಿ ರಿಂಗಿಗಿಳಿದು ಮೊದಲ ಪಂದ್ಯ ಗೆದ್ದ. ವೃತ್ತಿಪರ ವಿಶ್ವ ಚಾಂಪಿಯನ್ ಆಗಬೇಕೆಂಬುದು ಅವನ ಆಸೆ. ಅಲ್ಲಿಯೂ ಅವನು ಹೊರಗಿನವನೇ.

ನಮಗೆ ಗೊತ್ತಿರುವ ಪಾಠ

ಮುಂಬಯಿಗೆ ಬಂದ ನಮ್ಮ ಹಿರಿಯರಿಗೆ ಇದು ಹೊಸ ಪಾಠವಲ್ಲ. ಹಗಲು ಹೊಟೇಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ಆ ತಲೆಮಾರು ಒಂದು ಮಾತು ಹೇಳುತ್ತಿತ್ತು. ಪರವೂರಿನಲ್ಲಿ ಇದ್ದೇವೆ, ಗಲ್ಲಾದ ಲೆಕ್ಕ ಒಂದು ರೂಪಾಯಿ ಕೂಡ ಆಚೀಚೆ ಆಗಬಾರದು. ಊರಿನವನ ತಪ್ಪು ಒಂದು ದಿನದಲ್ಲಿ ಮರೆತುಹೋಗುತ್ತದೆ, ನಮ್ಮದು ಉಳಿಯುತ್ತದೆ. ಚಿಕ್ಕವರಿದ್ದಾಗ ಅದು ಹೆದರಿಕೆಯ ಮಾತಿನಂತೆ ಕೇಳಿಸುತ್ತಿತ್ತು. ಜುಲ್ಪಿಕರ್‌ನ ಅಂಕ ಕೂಡಿಸಿದ ಮೇಲೆ ಅದು ಆಟ ಬಲ್ಲವರ ಮಾತು ಅನ್ನಿಸುತ್ತದೆ. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದವನಿಗೆ ಗೆಲ್ಲಲು ಧೈರ್ಯ ಬೇಕು, ನಿಜ. ಅದು ಆ ಹುಡುಗನಲ್ಲಿ ಬೇಕಾದಷ್ಟಿತ್ತು. ಅವನು ಕಳೆದುಕೊಂಡದ್ದು ತೀರ್ಪುಗಾರರಿಂದಲ್ಲ, ತನ್ನ ಕೈಯಿಂದ.

ಹಾಗೆಂದು ಅವನನ್ನು ಸೋತವನ ಪಟ್ಟಿಗೆ ಸೇರಿಸಿ ಮರೆಯಲು ಮನಸ್ಸು ಬರುವುದಿಲ್ಲ. ಮುಂದಿನ ಸಲ ಹಾಜಿ ಅಲಿಯ ಸಿಗ್ನಲ್‌ನಲ್ಲಿ ಬಸ್ಸು ನಿಂತಾಗ ಆ ದುಂಡು ಛಾವಣಿಯ ಕಡೆ ನೋಡಿ. ಒಂದು ರಾತ್ರಿ ಅಲ್ಲಿ ತನ್ನವರಿಲ್ಲದ ಊರಿನಲ್ಲಿ ಒಬ್ಬ ಹುಡುಗ ಹತ್ತು ಸುತ್ತು ನಿಂತಿದ್ದ. ಅವನ ಹೆಸರು ಹೇಳಲು ಸ್ವಲ್ಪ ಕಷ್ಟ. ನಮ್ಮ ಹೆಸರನ್ನೂ ಈ ಊರು ಎಷ್ಟು ಬಾರಿ ತಪ್ಪಾಗಿ ಕರೆದಿಲ್ಲ? ಒಮ್ಮೆ ಸರಿಯಾಗಿ ಹೇಳೋಣ: ಜುಲ್ಪಿಕರ್ ಮೈಮೈತಿಯಾಲಿ.