ಗುರುವಿನ ಸಲುಗೆ, ಶಿಷ್ಯನ ನೆಲೆ
ಶಾಲೆಗೆ ಸೇರಿದ ಮಗು ನಡುವೆಯೇ ಬಿಟ್ಟುಹೋಗುವುದಕ್ಕೆ ಬಡತನವೊಂದೇ ಕಾರಣವಲ್ಲ. ಗುರುವಿನ ಮಾತು ತನ್ನದೆನಿಸದಿರುವುದೂ ಕಾರಣವು. ನಿಜಾಮರ ಆಳ್ವಿಕೆಯಲ್ಲಿ ಬೀದರ ಸೀಮೆಯ ಶಾಲಾಭಾಷೆ ಉರ್ದುವಾಗಿದ್ದಿತು. ಔರಾದ ಪರಿಸರದ ಕಮಲನಗರದಲ್ಲಿ 1890ರಲ್ಲಿ ಜನಿಸಿ ಭಾಲ್ಕಿ ಹಿರೇಮಠದ ಪೀಠವನ್ನೇರಿದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರು. ಇದನ್ನು ಬರಿಯ ಭಾಷಾಭಿಮಾನವೆಂದೆಣಿಸುವುದು ಸಮಂಜಸವಲ್ಲ. ಮನೆಮಾತಿನಲ್ಲಿ ಪ್ರಶ್ನಿಸಬಲ್ಲ ಮಗುವಿಗೆ ಗುರುವಿನ ಅಂಜಿಕೆಯಿರದು. ಬಡಮಕ್ಕಳಿಗೆ ಅವರು ಊಟ ವಸತಿಗಳನ್ನೂ ಒದಗಿಸಿದರು. ಬೀದರ ನಗರದಲ್ಲಿ 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸಾದಲ್ಲಿಯೂ ಗುರುಶಿಷ್ಯರ ವಾಸ ಒಂದೇ ಕಟ್ಟಡದಲ್ಲಿದ್ದಿತು. ಒಟ್ಟಿಗಿರುವ ಗುರುವಿಗೆ ಶಿಷ್ಯನ ಜ್ವರ, ಹಸಿವು, ಮನೆಯ ಚಿಂತೆ ತಿಳಿಯದೆ ಹೋಗದು. ಇಂದು ಔರಾದದ ಗಡಿಹಳ್ಳಿಗಳ ಅನೇಕ ಮಕ್ಕಳ ಮನೆಮಾತು ಮರಾಠಿ, ತಾಂಡಾಗಳಲ್ಲಿ ಲಂಬಾಣಿ. ಅಲ್ಲಿಯ ಕನ್ನಡ ಉಪಾಧ್ಯಾಯರು ಆ ನುಡಿಗಳ ನಾಲ್ಕು ಮಾತು ಕಲಿತು, ಎರಡು ದಿನ ಬಾರದ ಮಗುವಿನ ಮನೆಗೆ ತಾವೇ ಹೋಗಿ ವಿಚಾರಿಸತಕ್ಕದ್ದು.