ಆದ್ಯಕ್ಷರಗಳ ಭಾಷೆ: ಇಂಗ್ಲಿಷಿನ ಸಂಕ್ಷಿಪ್ತ ರೂಪಗಳು

ಬರವಣಿಗೆಯು ಹುಟ್ಟಿದಂದಿನಿಂದಲೂ ಅದನ್ನು ಹ್ರಸ್ವಗೊಳಿಸುವ ಪ್ರಯತ್ನವು ನಡೆದೇ ಇದೆ. ಕಲ್ಲಿನಲ್ಲಿ ಕಡೆಯುವವನಿಗೆ ಶ್ರಮ, ಕಾಗದದಲ್ಲಿ ಬರೆಯುವವನಿಗೆ ಸ್ಥಳ, ತಂತಿ ಕಳುಹಿಸುವವನಿಗೆ ಹಣ, ಇವುಗಳ ಉಳಿತಾಯವೇ ಇದಕ್ಕೆ ಕಾರಣ. ಆದರೆ ಇಂಗ್ಲಿಷಿನಲ್ಲಿ ಈ ಪದ್ಧತಿಯು ಬೆಳೆದಿರುವ ಪ್ರಮಾಣ ಬೆರಗು ಹುಟ್ಟಿಸುವಂಥದು. ಮಂಗಳೂರಿನ ವಿದ್ಯಾರ್ಥಿಯೊಬ್ಬನು ಎಸ್.ಎಸ್.ಎಲ್.ಸಿ. ಮುಗಿಸಿ, ಪಿ.ಯು.ಸಿ. ತೇರ್ಗಡೆಯಾಗಿ, ಎನ್.ಐ.ಟಿ.ಕೆ.ಯಲ್ಲಿ ಓದಿ, ಎಂ.ಆರ್.ಪಿ.ಎಲ್.ನಲ್ಲಿ ಉದ್ಯೋಗ ಪಡೆದನೆಂದರೆ, ಅವನ ಬಾಳಿನ ಮುಖ್ಯ ಘಟ್ಟಗಳೆಲ್ಲವೂ ಬಿಡಿ ಅಕ್ಷರಗಳಲ್ಲಿಯೇ ಮುಗಿದುಹೋಗುತ್ತವೆ. ಅವುಗಳ ಪೂರ್ಣರೂಪವನ್ನು ಕೇಳಿದರೆ ತಡವರಿಸುವವರು ಹಲವರು.

ಇಂಗ್ಲಿಷಿನ ಸಂಕ್ಷಿಪ್ತ ರೂಪಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಪದದ ಒಂದು ತುಂಡನ್ನು ಮಾತ್ರ ಉಳಿಸಿಕೊಳ್ಳುವುದು ಮೊದಲನೆಯದು: 'ಆಮ್ನಿಬಸ್' ಎಂಬುದು 'ಬಸ್' ಆದದ್ದು ಹೀಗೆ. ಎರಡನೆಯದು ಬರಹದಲ್ಲಿ ಮಾತ್ರ ಕುಗ್ಗುವ ರೂಪ. 'ಡಾಕ್ಟರ್', 'ಮಿಸ್ಟರ್' ಎಂಬ ಪದಗಳ ಮೊದಲ ಮತ್ತು ಕೊನೆಯ ಅಕ್ಷರಗಳನ್ನಷ್ಟೇ ಬರೆದರೂ ಓದುವಾಗ ಪದವನ್ನು ಪೂರ್ತಿಯಾಗಿಯೇ ಓದಬೇಕು. ಪ್ರತಿ ಪದದ ಆದ್ಯಕ್ಷರವನ್ನು ತೆಗೆದು, ಒಂದೊಂದನ್ನೂ ಬಿಡಿಯಾಗಿ ಉಚ್ಚರಿಸುವುದು ಮೂರನೆಯ ಬಗೆ. ಮೇಲೆ ಹೇಳಿದ ಎಂ.ಆರ್.ಪಿ.ಎಲ್. ಇದಕ್ಕೆ ನಿದರ್ಶನ. ಅದರಲ್ಲಿ ಒಂದಾದರೂ ಸ್ವರಾಕ್ಷರವಿಲ್ಲದ ಕಾರಣ ಬಿಡಿಯಾಗಿ ಓದದೆ ಗತ್ಯಂತರವಿಲ್ಲ.

ನಾಲ್ಕನೆಯ ಬಗೆಯಲ್ಲಿ ಆದ್ಯಕ್ಷರಗಳು ಕೂಡಿ ಹೊಸದೊಂದು ಪದವೇ ಆಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಅಕ್ರೊನಿಮ್' ಎಂದು ಹೆಸರು; ತುದಿ ಮತ್ತು ಹೆಸರು ಎಂಬ ಅರ್ಥದ ಎರಡು ಗ್ರೀಕ್ ಧಾತುಗಳಿಂದ ಬಂದ ಈ ಪದವು 1940ರ ದಶಕದಲ್ಲಿ ರೂಢಿಗೆ ಬಂದಿತು. 'ರೇಡಾರ್' ಎಂಬ ಪದವೂ ಆ ಕಾಲದ್ದೇ. ಮಂಗಳೂರಿನಲ್ಲಿ ಇದರ ಉತ್ತಮ ಉದಾಹರಣೆ 1973ರಲ್ಲಿ ಸ್ಥಾಪಿತವಾದ ಅಡಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ 'ಕ್ಯಾಂಪ್ಕೊ'. ಸೆಂಟ್ರಲ್, ಅರೆಕಾನಟ್, ಮಾರ್ಕೆಟಿಂಗ್, ಪ್ರಾಸೆಸಿಂಗ್ ಎಂಬ ಪದಗಳಿಂದ ಒಂದೊಂದು ಅಕ್ಷರವನ್ನೂ 'ಕೋಆಪರೇಟಿವ್' ಎಂಬುದರಿಂದ ಎರಡು ಅಕ್ಷರಗಳನ್ನೂ ಆಯ್ದು ಈ ಹೆಸರನ್ನು ಕಟ್ಟಲಾಗಿದೆ. 'ಅಂಡ್' ಎಂಬುದನ್ನು ಕೈಬಿಡಲಾಗಿದೆ. ಇಂದಿನ ಪೂರ್ಣನಾಮದಲ್ಲಿರುವ 'ಕೊಕೊ'ಗೂ ಪ್ರತ್ಯೇಕ ಸ್ಥಾನವಿಲ್ಲ. ನಾಲಿಗೆಗೆ ಸುಲಭವಾಗುವಂತೆ ಅಕ್ಷರಗಳನ್ನು ಆಯುವ ಸ್ವಾತಂತ್ರ್ಯ ಈ ಬಗೆಯಲ್ಲಿ ಉಂಟು.

ಇವುಗಳ ಬಳಕೆಯಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಎರಡು ಸ್ಥಳಗಳಿವೆ. ಹಿಂದೆ ಬರುವ 'ಎ' ಅಥವಾ 'ಆ್ಯನ್' ಎಂಬ ಉಪಪದವನ್ನು ಲಿಪಿಯಲ್ಲ, ಉಚ್ಚಾರವೇ ನಿರ್ಣಯಿಸುತ್ತದೆ. 'ಎಂ.ಎಲ್.ಎ.' ಸ್ವರಧ್ವನಿಯಿಂದ ತೊಡಗುವುದರಿಂದ 'ಆ್ಯನ್' ಬರಬೇಕು. 'ಯುನೆಸ್ಕೊ' ಇಂಗ್ಲಿಷಿನಲ್ಲಿ ಸ್ವರಾಕ್ಷರದಿಂದ ಬರೆಯಲ್ಪಟ್ಟರೂ ಯಕಾರದಿಂದ ಉಚ್ಚರಿಸಲ್ಪಡುವುದರಿಂದ ಅದಕ್ಕೆ 'ಎ' ಸಲ್ಲುತ್ತದೆ. ಎರಡನೆಯದು ಪುನರುಕ್ತಿ. 1972ರಲ್ಲಿ ಜಾರಿಗೆ ಬಂದ ಅಂಚೆಯ 'ಪಿನ್' ಎಂದರೆ 'ಪೋಸ್ಟಲ್ ಇಂಡೆಕ್ಸ್ ನಂಬರ್'. ಅದನ್ನು 'ಪಿನ್ ನಂಬರ್' ಎಂದರೆ ನಂಬರನ್ನು ಎರಡು ಸಲ ಹೇಳಿದಂತಾಗುತ್ತದೆ.

ಸಂಕ್ಷೇಪವೆಂಬುದು ಬರೆಯುವವನಿಗೂ ಓದುವವನಿಗೂ ನಡುವಣ ಒಂದು ಒಪ್ಪಂದ. ಆ ಒಪ್ಪಂದ ಸಡಿಲವಾದಲ್ಲಿ ತೊಡಕು ಏಳುತ್ತದೆ. ಮಂಗಳೂರು–ಕಾಸರಗೋಡು ಮಾರ್ಗದಲ್ಲಿ ಎರಡು ರಾಜ್ಯಗಳ ಸರಕಾರಿ ಬಸ್ಸುಗಳು ಓಡುತ್ತವೆ. ಎರಡೂ ನಿಗಮಗಳು ಕೆ.ಎಸ್.ಆರ್.ಟಿ.ಸಿ. ಎಂದೇ ಹೆಸರಾಗಿವೆ. ಕೇರಳದ ನಿಗಮವು 1965ರಲ್ಲಿ ಸ್ಥಾಪನೆಗೊಂಡಾಗ ಈ ಕಡೆಯದು ಮೈಸೂರು ರಾಜ್ಯದ ನಿಗಮವಾಗಿದ್ದು, ಅದರ ಆದ್ಯಕ್ಷರ 'ಎಂ' ಆಗಿತ್ತು. 1973ರಲ್ಲಿ ರಾಜ್ಯವು ಕರ್ನಾಟಕವೆಂದು ನಾಮಕರಣಗೊಂಡ ಬಳಿಕ ಎರಡೂ ಒಂದೇ ಆದವು. ಈ ಐದು ಅಕ್ಷರಗಳ ಒಡೆತನದ ವಿವಾದವು ಮದರಾಸು ಉಚ್ಚ ನ್ಯಾಯಾಲಯದವರೆಗೆ ಹೋಗಿ, 2023ರ ಡಿಸೆಂಬರಿನಲ್ಲಿ ಕೇರಳದ ಅರ್ಜಿಯು ತಿರಸ್ಕೃತವಾಯಿತು. ಕನ್ನಡದ ಕ್ರಮದಲ್ಲಿ ಬರೆದರೆ ಈ ಗೊಂದಲಕ್ಕೆ ಎಡೆಯೇ ಇಲ್ಲವೆಂಬುದು ಗಮನಾರ್ಹ. ಇಂಗ್ಲಿಷು ಬರಿಯ ವರ್ಣವನ್ನು ಆಯ್ದರೆ, ಕನ್ನಡವು ಸ್ವರಸಹಿತವಾದ ಅಕ್ಷರವನ್ನು ಆಯುತ್ತದೆ. 'ಕ.ರಾ.ರ.ಸಾ.' ಎಂದರೆ ಕರ್ನಾಟಕದ್ದು, 'ಕೇ.ರಾ.ರ.ಸಾ.' ಎಂದರೆ ಕೇರಳದ್ದು.

ಕಾಲ ಸರಿದಂತೆ ಅಕ್ಷರಗಳೂ ಬದಲಾಗುತ್ತವೆ. 1960ರಲ್ಲಿ ಸುರತ್ಕಲ್ಲಿನಲ್ಲಿ ಆರಂಭಗೊಂಡ ಕೆ.ಆರ್.ಇ.ಸಿ.ಯು 2002ರಲ್ಲಿ ಎನ್.ಐ.ಟಿ.ಕೆ. ಆಯಿತು. ಹಳೆಯ ದಾಖಲೆಗಳನ್ನು ಓದುವ ಮುಂದಿನ ತಲೆಮಾರಿಗೆ ಇವೆರಡೂ ಒಂದೇ ಎಂದು ಯಾರಾದರೂ ತಿಳಿಸಿ ಹೇಳಬೇಕಾಗುತ್ತದೆ.

ಇದಕ್ಕಿಂತಲೂ ದೊಡ್ಡ ನಷ್ಟವೊಂದುಂಟು. ಮಂಗಳೂರಿನ ಜನನಿಬಿಡ ಬೀದಿಗಳಲ್ಲೊಂದು ಕೆ.ಎಸ್. ರಾವ್ ರಸ್ತೆ. ಸ್ವಾತಂತ್ರ್ಯ ಚಳವಳಿಗಾಗಿ ತಮ್ಮ ಸಂಪತ್ತನ್ನೆಲ್ಲ ವ್ಯಯಿಸಿ, 1937ರಲ್ಲಿ ನಿಧನರಾದ ಕಾರ್ನಾಡ್ ಸದಾಶಿವ ರಾಯರ ಹೆಸರು ಆ ಎರಡು ಅಕ್ಷರಗಳ ಹಿಂದೆ ಅಡಗಿದೆ. ಸ್ಮರಣೆಗಾಗಿ ಇಟ್ಟ ಹೆಸರೇ ಸಂಕ್ಷೇಪಗೊಂಡು ಮರೆವಿಗೆ ದಾರಿಯಾಗುವುದು ವಿಷಾದದ ಸಂಗತಿ.

ಆದಕಾರಣ ಸಂಕ್ಷಿಪ್ತ ರೂಪಗಳನ್ನು ಬಿಡಬೇಕೆಂದಲ್ಲ. ಅವಿಲ್ಲದೆ ಇಂದಿನ ವ್ಯವಹಾರ ಸಾಗದು. ಯಾವುದೇ ಲೇಖನದಲ್ಲಿ ಮೊದಲ ಸಲ ಪೂರ್ಣನಾಮವನ್ನು ಬರೆದು, ಆಮೇಲೆ ಆದ್ಯಕ್ಷರಗಳನ್ನು ಬಳಸುವುದು ಇಂಗ್ಲಿಷಿನಲ್ಲಿಯೇ ಮಾನ್ಯವಾದ ನಿಯಮ. ತರಗತಿಯಲ್ಲಿಯೂ ಈ ನಿಯಮವನ್ನು ಪಾಲಿಸಿದರೆ, ಮಕ್ಕಳು ಅಕ್ಷರಗಳನ್ನು ಉರುಹೊಡೆಯುವ ಬದಲು ಅವುಗಳ ಹಿಂದಿರುವ ಸಂಸ್ಥೆಯನ್ನೂ ವ್ಯಕ್ತಿಯನ್ನೂ ಅರಿಯುವರು.