ನಕಲಿನಲ್ಲಿ ಅಡಗುವ 503

ಮುಚ್ಚಿಹೋಗಲಿರುವ ಜಾಲತಾಣವನ್ನು ಉಳಿಸಿಕೊಳ್ಳಲು ನೇರ ದಾರಿಯೊಂದಿದೆ. ಅದರ ಒಂದೊಂದು ಪುಟವನ್ನೂ ತರಿಸಿಕೊಂಡು ಸಾದಾ ಎಚ್‌ಟಿಎಂಎಲ್ ಕಡತವಾಗಿ ಇಟ್ಟುಕೊಳ್ಳುವುದು. ಅಂಥ ನಕಲಿಗೆ ಡೇಟಾಬೇಸ್ ಬೇಡ, ಪಿಎಚ್‌ಪಿ ಬೇಡ. 1996ರಲ್ಲಿ ಹೊರಬಂದ ಡಬ್ಲ್ಯೂಗೆಟ್ ಎಂಬ ತಂತ್ರಾಂಶ ಇಂದಿಗೂ ಈ ಕೆಲಸ ಮಾಡುತ್ತದೆ: ಪುಟ ತರುತ್ತದೆ, ಅದರೊಳಗಿನ ಕೊಂಡಿಗಳನ್ನು ಹೆಕ್ಕುತ್ತದೆ, ಅವುಗಳ ಬೆನ್ನು ಹತ್ತುತ್ತದೆ.

ಸರ್ವರ್ ಕೊಡುವ ಉತ್ತರದ ತಲೆಯಲ್ಲಿ ಮೂರಂಕಿಯ ಸಂಖ್ಯೆ ಇರುತ್ತದೆ. 200 ಅಂದರೆ ಎಲ್ಲ ಸರಿ, 404 ಅಂದರೆ ಕೇಳಿದ ಪುಟ ಸಿಗಲಿಲ್ಲ. 5ರಿಂದ ಶುರುವಾದರೆ ತೊಂದರೆ ಸರ್ವರಿನದೇ. ಪುಟ ಇಲ್ಲವೆಂದಲ್ಲ, ಆ ಗಳಿಗೆಯಲ್ಲಿ ಕೊಡಲಾಗಲಿಲ್ಲ ಅಷ್ಟೆ. ಓದುಗರು ಒಬ್ಬೊಬ್ಬರಾಗಿ ಬರುವಾಗ ಆರಾಮಾಗಿದ್ದ ಹಳೆಯ ಸರ್ವರ್, ತಂತ್ರಾಂಶವೊಂದು ಬಿಡುವಿಲ್ಲದೆ ಸಾವಿರಾರು ಪುಟ ಕೇಳತೊಡಗಿದರೆ 503 ಎಂದು ಕೈಚೆಲ್ಲುತ್ತದೆ. ಎಷ್ಟೋ ಸಲ ಅದನ್ನು ಸುಸ್ತು ಮಾಡುವವರು ನಕಲು ಮಾಡುವ ನಾವೇ.

ಬೇರೆ ಸೂಚನೆ ಕೊಡದಿದ್ದರೆ ಡಬ್ಲ್ಯೂಗೆಟ್ 503 ಬಂದ ಪುಟವನ್ನು ಬಿಟ್ಟು ಮುಂದೆ ನಡೆಯುತ್ತದೆ. ಕೊಂಡಿಗಳನ್ನು ತಿದ್ದಲು ಹೇಳಿದ್ದರೆ, ಎಲ್ಲ ಇಳಿಸಿದ ಮೇಲೆ, ಸಿಕ್ಕ ಪುಟಗಳ ಕೊಂಡಿಯನ್ನು ನಮ್ಮ ಡಿಸ್ಕಿನ ಕಡತಕ್ಕೆ ತಿರುಗಿಸುತ್ತದೆ. ಸಿಗದ ಪುಟದ ಕೊಂಡಿಗೆ ಮೂಲ ತಾಣದ ಪೂರ್ಣ ವಿಳಾಸ ಹಾಕುತ್ತದೆ. ಅಪಾಯ ಇರುವುದು ಇಲ್ಲೇ. ಪರೀಕ್ಷಿಸಲೆಂದು ಒತ್ತಿದರೆ ಪುಟ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ, ಅಷ್ಟರಲ್ಲಿ ಸರ್ವರ್ ಚೇತರಿಸಿಕೊಂಡಿರುತ್ತದಲ್ಲ! ಕೊರತೆ ಗೊತ್ತಾಗುವುದು ಮೂಲ ತಾಣ ಮುಚ್ಚಿದ ದಿನ. ಹಾಗಾಗಿ ನಕಲನ್ನು ಇಂಟರ್‌ನೆಟ್ ಕಡಿದೇ ಪರೀಕ್ಷಿಸಬೇಕು. ಕೆಲಸ ಮುಗಿದಾಗ ತಂತ್ರಾಂಶ ಬಿಟ್ಟುಹೋಗುವ ಅಂಕೆಯನ್ನೂ ನೋಡಬೇಕು: ಅದು 8 ಆಗಿದ್ದರೆ ಎಲ್ಲೋ ಸರ್ವರ್ ದೋಷದ ಉತ್ತರ ಕೊಟ್ಟಿದೆ ಎಂದರ್ಥ.

503 ಬಂದರೆ ಮತ್ತೆ ಯತ್ನಿಸು, ಎರಡು ಕೋರಿಕೆಗಳ ನಡುವೆ ಕೆಲವು ಸೆಕೆಂಡು ಕಾಯಿ ಎಂದು ಹೇಳಿಟ್ಟರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ. ಎಷ್ಟು ಹೊತ್ತು ಬಿಟ್ಟು ಬರಬೇಕೆಂದು ಕೆಲವು ಸರ್ವರ್‌ಗಳು ತಾವೇ ತಿಳಿಸುತ್ತವೆ. ಆ ಮಾತಿಗೆ ಬೆಲೆ ಕೊಡುವುದು ಮರ್ಯಾದೆಯೂ ಹೌದು.

ಸಂಖ್ಯೆಯೇ ಸುಳ್ಳಾಡಿದರೆ ಮಾತ್ರ ಕಷ್ಟ ಹೆಚ್ಚು. ಪುಟದ ಅರ್ಧ ಕಳಿಸಿದ ಮೇಲೆ ಪಿಎಚ್‌ಪಿ ಎಡವಿತೆನ್ನಿ. 200 ಆಗಲೇ ಹೊರಟುಹೋಗಿದೆ, ಹಿಂದಕ್ಕೆ ಕರೆಯಲಾಗದು. ಡೇಟಾಬೇಸ್ ದೋಷದ ಸಾಲು ಲೇಖನದ ನಡುವೆಯೇ ಅಚ್ಚಾಗಿ, ಒಳ್ಳೆಯ ಪುಟವೆಂಬ ಹೆಸರಿನಲ್ಲಿ ನಕಲಿಗೆ ಸೇರುತ್ತದೆ. ಎರಡನೇ ಸುತ್ತಿನಲ್ಲಿ ಹೀಗಾದರೆ ಮೊದಲ ಸುತ್ತಿನ ಸರಿಯಾದ ಪುಟವನ್ನೂ ಅದು ಅಳಿಸಿಬಿಡಬಹುದು. ದೋಷದ ಸಾಲುಗಳನ್ನು ಕಡತಗಳೊಳಗೆ ಹುಡುಕಬೇಕು, ಅಸಹಜವಾಗಿ ಚಿಕ್ಕದಾದ ಕಡತಗಳನ್ನು ತೆರೆದು ನೋಡಬೇಕು.

ದೊಡ್ಡ ಸಂಗ್ರಹಾಲಯಗಳು ಉತ್ತರವನ್ನು ಅದರ ಸಂಖ್ಯೆಯ ಸಮೇತ ವಾರ್ಕ್ ಎಂಬ ಮಾದರಿಯಲ್ಲಿ ಇಡುತ್ತವೆ; 2009ರಲ್ಲಿ ಅದು ಐಎಸ್‌ಒ ಮಾನಕವಾಯಿತು. ಡಬ್ಲ್ಯೂಗೆಟ್ ಕೂಡ ಕೇಳಿದರೆ ವಾರ್ಕ್ ಬರೆಯುತ್ತದೆ. ಯಾವ ಪುಟ ಯಾವ ಹೊತ್ತಿನಲ್ಲಿ 503 ಎಂದಿತೆಂಬ ದಾಖಲೆ ಕೈಯಲ್ಲಿದ್ದರೆ, ತಾಣ ಇನ್ನೂ ತೆರೆದಿರುವಾಗಲೇ ಆ ವಿಳಾಸಗಳನ್ನಷ್ಟೇ ಆಯ್ದು ಮತ್ತೊಮ್ಮೆ ಕೇಳಬಹುದು.